ಸೂಜಿಗೆ ಐದು ಸ್ಟಾರ್, ರಿಪೋರ್ಟಿಗೆ ಎರಡು: ಮಗಳ ಫೆರಿಟಿನ್ ಟೆಸ್ಟ್ ಮಾಡಿಸಿದ ಅನುಭವ

ನನ್ನ ಮಗಳು ಬಳಪ ತಿನ್ನುತ್ತಿದ್ದಳು. ಬರೆಯುವಾಗ ಸುಮ್ನೆ ಬಾಯಿಗಿಟ್ಟುಕೊಳ್ಳುವುದಲ್ಲ, ಕಟಕಟ ಅಂತ ಅಗಿದು ನುಂಗುವುದು. ಅಜ್ಜಿ ಸ್ಲೇಟಿನ ಜೊತೆ ಒಂದು ಡಬ್ಬ ಬಳಪ ತಂದುಕೊಟ್ಟಿದ್ದರು, ಹದಿನೈದು ದಿನದಲ್ಲಿ ಅರ್ಧ ಡಬ್ಬ ಖಾಲಿ. ಮೊದಲು ಬೈದೆ. ಆಮೇಲೆ ಬಚ್ಚಿಟ್ಟೆ. ಆಗ ಬಾಲ್ಕನಿ ಗೋಡೆಯ ಸುಣ್ಣ ಕೆರೆಯಲು ಶುರು ಮಾಡಿದಳು. ಅವಳಿಗೆ ಮೂರು ವರ್ಷ ನಾಲ್ಕು ತಿಂಗಳು. ಮಕ್ಕಳ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದಾಗ ಅವರು ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ಉಗುರು ಒತ್ತಿ ನೋಡಿ, ದಿನಕ್ಕೆ ಎಷ್ಟು ಹಾಲು ಕುಡಿಯುತ್ತಾಳೆ ಅಂತ ಕೇಳಿದರು. ನಾಲ್ಕು ಲೋಟ ಅಂದೆ, ಸ್ವಲ್ಪ ಹೆಮ್ಮೆಯಿಂದಲೇ. ಅವರು ಏನೂ ಹೇಳದೆ ಚೀಟಿಯಲ್ಲಿ ಎರಡೇ ಟೆಸ್ಟ್ ಬರೆದುಕೊಟ್ಟರು. ಒಂದು ಸಿಬಿಸಿ, ಅಂದರೆ ರಕ್ತಕಣಗಳ ಎಣಿಕೆ. ಇನ್ನೊಂದು ಫೆರಿಟಿನ್, ಅಂದರೆ ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ನೋಡುವ ಟೆಸ್ಟ್.

ನಾನು ರಿವ್ಯೂ ಬರೆಯುತ್ತಿರುವುದು ಆ ಟೆಸ್ಟ್ ಮಾಡಿಸಿದ ಲ್ಯಾಬ್ ಬಗ್ಗೆ. ಹೆಸರು ಹಾಕುತ್ತಿಲ್ಲ. ಯಾಕೆಂದರೆ ಇದೇ ತೊಂದರೆ ಬೇರೆ ಲ್ಯಾಬ್‌ಗಳ ರಿಪೋರ್ಟ್‌ನಲ್ಲೂ ನೋಡಿದೆ. ಗೆಳತಿಯರ ಹತ್ತಿರ ಅವರ ಮಕ್ಕಳ ಹಳೆ ರಿಪೋರ್ಟ್ ಕಳಿಸಿ ಅಂತ ಕೇಳಿ, ಮೂರು ಬೇರೆ ಬೇರೆ ಲ್ಯಾಬ್‌ಗಳದ್ದು ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಒಬ್ಬರ ಮೇಲೆ ಗೂಬೆ ಕೂರಿಸಿ ಪ್ರಯೋಜನವಿಲ್ಲ.

ಮೊದಲು ಒಳ್ಳೆಯದನ್ನು ಹೇಳುತ್ತೇನೆ, ಅದು ನಿಜವಾಗಿಯೂ ತುಂಬಾ ಚೆನ್ನಾಗಿತ್ತು. ಆ್ಯಪ್‌ನಲ್ಲಿ ರಾತ್ರಿ ಬುಕ್ ಮಾಡಿದೆ, ಬೆಳಗ್ಗೆ ಎಂಟಕ್ಕೆ ಬರುತ್ತೇವೆ ಅಂದರು, ಎಂಟಕ್ಕೆ ಐದು ನಿಮಿಷ ಇರುವಾಗಲೇ ಗೇಟ್ ಸದ್ದಾಯಿತು. ಬಂದದ್ದು ಇಪ್ಪತ್ತೈದರ ಆಸುಪಾಸಿನ ಒಬ್ಬ ಹುಡುಗಿ. ಬಂದ ತಕ್ಷಣ ಬ್ಯಾಗ್ ಬಿಚ್ಚಲಿಲ್ಲ. ಕೈ ತೊಳೆದು, ನೆಲದ ಮೇಲೆ ಮಗಳ ಪಕ್ಕ ಕೂತು, ಅವಳ ಗೊಂಬೆಯ ಹೆಸರು ಕೇಳಿ, ಮೊದಲು ಗೊಂಬೆಯ ಕೈಗೆ ರಬ್ಬರ್ ಪಟ್ಟಿ ಕಟ್ಟಿದಳು. ಆಮೇಲೆ ನನಗೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಒಂದು ಬಟ್ಟೆ ಕೊಡಿ ಅಂದಳು. ಅದನ್ನು ಮಗಳ ಮೊಣಕೈ ಒಳಭಾಗಕ್ಕೆ ಎರಡು ನಿಮಿಷ ಇಟ್ಟಮೇಲೆ ನರ ಚೆನ್ನಾಗಿ ಕಾಣಿಸಿತು. ರೆಕ್ಕೆ ಇರುವ ಸಣ್ಣ ಸೂಜಿ, ಒಂದೇ ಚುಚ್ಚು. ನೇರಳೆ ಮುಚ್ಚಳದ ಟ್ಯೂಬ್ ಒಂದು, ಹಳದಿ ಮುಚ್ಚಳದ್ದು ಒಂದು. ಮಗಳು ಅತ್ತಳು, ಆದರೆ ಒಂದು ನಿಮಿಷ ಅಷ್ಟೇ. ಟ್ಯೂಬಿನ ಮೇಲೆ ಹೆಸರು, ವಯಸ್ಸು, ಸಮಯ ನಮ್ಮೆದುರಿಗೇ ಬರೆದು, ನನ್ನ ಕೈಲಿ ಓದಿಸಿ, ಐಸ್ ಪ್ಯಾಕ್ ಇದ್ದ ಡಬ್ಬಿಗೆ ಹಾಕಿಕೊಂಡು ಹೋದಳು. ಈ ಭಾಗಕ್ಕೆ ಐದಕ್ಕೆ ಐದು. ಹಿಂದೊಮ್ಮೆ ಬೇರೆ ಕಡೆ ಎರಡು ಕೈಗೂ ಮೂರು ಮೂರು ಸಲ ಚುಚ್ಚಿಸಿಕೊಂಡ ಮಗುವಿನ ತಾಯಿ ನಾನು. ಇದರ ಬೆಲೆ ನನಗೆ ಗೊತ್ತು.

ಸಂಜೆ ನಾಲ್ಕಕ್ಕೆ ರಿಪೋರ್ಟ್ ಫೋನಿಗೆ ಬಂತು. ಹಿಮೋಗ್ಲೋಬಿನ್ 11.2. ಫೆರಿಟಿನ್ 14.2. ಫೆರಿಟಿನ್ ಪಕ್ಕದ ಕಾಲಂನಲ್ಲಿ ರೆಫರೆನ್ಸ್ ರೇಂಜ್ 13 ರಿಂದ 150 ಅಂತ ಇತ್ತು. ಕೆಂಪು ಅಕ್ಷರ ಇಲ್ಲ, ಬಾಣದ ಗುರುತು ಇಲ್ಲ. ನಾರ್ಮಲ್ ಅಂದುಕೊಂಡು ಫೋನ್ ಕೆಳಗಿಟ್ಟೆ. ಗಂಡ ಫ್ಯಾಮಿಲಿ ಗ್ರೂಪಿಗೂ ಹಾಕಿಬಿಟ್ಟರು, ಎಲ್ಲ ನಾರ್ಮಲ್ ಅಂತ.

ಮಾರನೇ ದಿನ ಡಾಕ್ಟರ್ ಆ ಹಾಳೆ ನೋಡಿ ಪೆನ್ನಿನಿಂದ 13–150 ಮೇಲೆ ಒಂದು ಗೆರೆ ಎಳೆದರು. 'ಇದು ದೊಡ್ಡ ಹೆಂಗಸರ ರೇಂಜ್ ಅಮ್ಮಾ. ನಿಮಗೂ ಇದೇ, ನಿಮ್ಮ ಮಗಳಿಗೂ ಇದೇ ಹಾಕಿದ್ದಾರೆ' ಅಂದರು. ಆಮೇಲೆ ಕೇಳಿದರು, ಕಳೆದ ವಾರ ಶೀತ ಜ್ವರ ಏನಾದರೂ ಇತ್ತಾ ಅಂತ. ಇತ್ತು. ರಕ್ತ ಕೊಡುವ ನಾಲ್ಕು ದಿನ ಮುಂಚೆ ಜ್ವರ ಬಂದು ಬಿಟ್ಟಿತ್ತು, ಮೂಗು ಇನ್ನೂ ಸೋರುತ್ತಲೇ ಇತ್ತು. ಬುಕ್ ಮಾಡುವಾಗ ಆ್ಯಪ್ ಕೇಳಿದ್ದು ಒಂದೇ ಪ್ರಶ್ನೆ, ಉಪವಾಸ ಇದ್ದೀರಾ ಅಂತ. ಜ್ವರದ ವಿಷಯ ಯಾರೂ ಕೇಳಿರಲಿಲ್ಲ.

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ನನ್ನ ಹಾಗೆ ಗೊತ್ತಿಲ್ಲದೆ ಫೋನ್ ಕೆಳಗಿಡುವವರು ಎಷ್ಟೋ ಜನ ಇರುತ್ತಾರೆ. ಹಿಮೋಗ್ಲೋಬಿನ್ ಅಂದರೆ ತಟ್ಟೆಯಲ್ಲಿರುವ ಅನ್ನ. ಫೆರಿಟಿನ್ ಅಂದರೆ ಕಣಜದಲ್ಲಿರುವ ಭತ್ತ. ಕಣಜ ಬರಿದಾಗುತ್ತಾ ಬಂದರೂ ತಟ್ಟೆಗೆ ಇನ್ನೂ ಕೆಲವು ದಿನ ಅನ್ನ ಬೀಳುತ್ತಲೇ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಎರಡರಿಂದ ಐದು ವರ್ಷದೊಳಗಿನ ಮಕ್ಕಳಿಗೆ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ನನ್ನ ಮಗಳದ್ದು 11.2. ಅಂದರೆ ತಟ್ಟೆ ತುಂಬಿದೆ. ಅವಳು ಬಳಪ ತಿನ್ನಲು ಕಾರಣ ಇದ್ದದ್ದು ಕಣಜದಲ್ಲಿ, ಮೈಯಲ್ಲಿ ಕಬ್ಬಿಣ ಕಡಿಮೆಯಾದ ಮಕ್ಕಳು ಹೀಗೆ ತಿನ್ನುವುದುಂಟು.

ಆ ಕಣಜಕ್ಕೂ ಒಂದು ಗೆರೆ ಇದೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ಆರೋಗ್ಯವಾಗಿರುವ ಐದು ವರ್ಷದೊಳಗಿನ ಮಗುವಿಗೆ ಫೆರಿಟಿನ್ 12ಕ್ಕಿಂತ ಕಡಿಮೆ ಇದ್ದರೆ ಕಬ್ಬಿಣದ ಕೊರತೆ, ಅದಕ್ಕಿಂತ ದೊಡ್ಡವರಿಗೆ 15. ಆದರೆ ಅದೇ ಮಾರ್ಗಸೂಚಿ ಇನ್ನೊಂದು ಮಾತು ಹೇಳುತ್ತದೆ. ಮೈಯಲ್ಲಿ ಸೋಂಕು, ಉರಿಯೂತ ಇದ್ದಾಗ ಫೆರಿಟಿನ್ ತಾನಾಗಿ ಮೇಲೇರುತ್ತದೆ, ಕಬ್ಬಿಣ ಜಾಸ್ತಿ ಆಗಿದ್ದಕ್ಕಲ್ಲ. ಆದ್ದರಿಂದ ಆಗ ಐದು ವರ್ಷದೊಳಗಿನ ಮಕ್ಕಳಿಗೆ ಗೆರೆಯನ್ನು 30ಕ್ಕೆ ಏರಿಸಿ ನೋಡಬೇಕು, ದೊಡ್ಡವರಿಗೆ 70ಕ್ಕೆ. ಉರಿಯೂತ ಇದೆಯಾ ಇಲ್ಲವಾ ತಿಳಿಯಲು ಸಿಆರ್‌ಪಿ ಅಂತ ಇನ್ನೊಂದು ಟೆಸ್ಟ್ ಇದೆ, ಅದು 5 ದಾಟಿದರೆ ಇದೆ ಅಂತ ಲೆಕ್ಕ.

ಡಾಕ್ಟರ್ ಆಗಲೇ ಲ್ಯಾಬಿಗೆ ಫೋನ್ ಮಾಡಿ, ನಿನ್ನೆಯ ಸ್ಯಾಂಪಲ್ ಇನ್ನೂ ಇದೆಯಾ, ಅದರಲ್ಲೇ ಸಿಆರ್‌ಪಿ ಮಾಡಲು ಆಗುತ್ತಾ ಅಂತ ಕೇಳಿದರು. ಇದೆ ಅಂದರು, ಎರಡು ಗಂಟೆಯಲ್ಲಿ ಮಾಡಿಕೊಟ್ಟರು, ಮಗುವಿಗೆ ಮತ್ತೆ ಚುಚ್ಚಲಿಲ್ಲ. ಇದಕ್ಕೆ ನಾನು ಲ್ಯಾಬಿಗೆ ಮನಸಾರೆ ಥ್ಯಾಂಕ್ಸ್ ಹೇಳುತ್ತೇನೆ. ಫ್ರಿಜ್‌ನಲ್ಲಿ ಜೋಪಾನವಾಗಿ ಇಟ್ಟಿದ್ದಾರೆ ಅಂದರೆ ಕೆಲಸ ಗೊತ್ತಿರುವವರು ಅಲ್ಲಿದ್ದಾರೆ ಅಂತ ಅರ್ಥ. ಸಿಆರ್‌ಪಿ 9 ಬಂತು. ಅಲ್ಲಿಗೆ 14.2 ಅನ್ನುವ ಸಂಖ್ಯೆ 12ರ ಮೇಲಿದೆ ಅಂತ ಸಮಾಧಾನ ಪಡುವ ಹಾಗಿರಲಿಲ್ಲ, 30ರ ಕೆಳಗಿತ್ತು. ಕೊರತೆ.

ಅಂದರೆ ನೋಡಿ, ಮಷಿನ್ ಸರಿಯಾಗಿ ಅಳೆದಿದೆ, ಸಂಖ್ಯೆ ಸರಿ, ಸೂಜಿ ಸರಿ, ಸಮಯ ಸರಿ. ಪಕ್ಕದ ಕಾಲಂನಲ್ಲಿದ್ದ ಎರಡು ಅಂಕಿ ನನ್ನ ಮಗಳ ವಯಸ್ಸಿನದ್ದಾಗಿರಲಿಲ್ಲ, ಅಷ್ಟೇ. ಆದರೆ ಮನೆಯಲ್ಲಿ ಕೂತು ರಿಪೋರ್ಟ್ ಓದುವವರು ನೋಡುವುದು ಅದನ್ನೇ ಅಲ್ವಾ? ನಾನು ಕೊಟ್ಟ ದುಡ್ಡಿನಲ್ಲಿ ಅರ್ಧ ಆ ಸಂಖ್ಯೆಗೆ, ಇನ್ನರ್ಧ ಅದರ ಪಕ್ಕದ ಕಾಲಂಗೆ ಅಂತ ನಾನು ಅಂದುಕೊಂಡಿದ್ದೇನೆ.

ಇದರ ಉಲ್ಟಾ ಕೂಡ ಆಗುತ್ತದೆ. ನನ್ನ ಚಿಕ್ಕಮ್ಮನ ಮಗಳ ಕೂಸಿಗೆ ಒಂದೂವರೆ ತಿಂಗಳಿದ್ದಾಗ ಬೇರೆ ಊರಿನ ಲ್ಯಾಬ್‌ನಲ್ಲಿ ಫೆರಿಟಿನ್ 290 ಬಂದಿತ್ತು. ಅದೇ 150ರ ಗೆರೆ, ದಪ್ಪ ಕೆಂಪು ಅಕ್ಷರ, ಮೇಲ್ಮುಖ ಬಾಣ. ಅವರು ಎರಡು ರಾತ್ರಿ ನಿದ್ದೆ ಮಾಡಿರಲಿಲ್ಲ. ಅಷ್ಟು ಎಳೆ ಕೂಸಿಗೆ ಮೂರಂಕಿ ಬರುವುದು ಸಹಜ. ಹೊಟ್ಟೆಯಲ್ಲಿರುವಾಗಲೇ ತಾಯಿಯಿಂದ ಕಬ್ಬಿಣ ತುಂಬಿಕೊಂಡು ಬಂದಿರುತ್ತದೆ. ಹುಟ್ಟಿದ ಮೇಲೆ ಮೈ ಬೆಳೆದಂತೆ ಆ ದಾಸ್ತಾನು ಖರ್ಚಾಗುತ್ತಾ ಹೋಗಿ, ಆರು ತಿಂಗಳಿನಿಂದ ಎರಡು ವರ್ಷದ ಹೊತ್ತಿಗೆ ತಳ ಕಾಣುತ್ತದೆ. ಅದಕ್ಕೇ ಆರು ತಿಂಗಳಿಗೆ ಗಟ್ಟಿ ಊಟ ಶುರು ಮಾಡಿ ಅನ್ನುವುದು. ಹದಿನೈದು ದಿನದ ಕೂಸು, ಒಂದು ವರ್ಷದ ಮಗು, ಹತ್ತು ವರ್ಷದ ಹುಡುಗ, ಮುಟ್ಟು ಶುರುವಾದ ಹುಡುಗಿ, ಇವರೆಲ್ಲರಿಗೂ ಒಂದೇ ಅಂಗಿ ಹೊಲಿದರೆ ಯಾರಿಗೆ ಸರಿ ಹೋಗುತ್ತದೆ?

ಲ್ಯಾಬಿನ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ರೇಂಜ್ ಸಿಸ್ಟಂನಲ್ಲಿ ಫಿಕ್ಸ್ ಆಗಿದೆ ಮೇಡಂ, ನಾವು ಬದಲಾಯಿಸಲು ಆಗಲ್ಲ, ಡಾಕ್ಟರನ್ನು ಕೇಳಿ ಅಂದರು. ನನ್ನ ಎರಡು ಸ್ಟಾರ್‌ಗೆ ಮುಖ್ಯ ಕಾರಣ ಈ ಉತ್ತರ. ಮಗುವಿನ ವಯಸ್ಸು ಬುಕಿಂಗ್‌ನಲ್ಲೇ ತುಂಬಿಸಿಕೊಂಡಿದ್ದೀರಿ, ರಿಪೋರ್ಟಿನ ಮೇಲೆ ಪ್ರಿಂಟ್ ಕೂಡ ಮಾಡಿದ್ದೀರಿ, ಅದನ್ನು ನೋಡಿ ಸರಿಯಾದ ಸಾಲು ಹಾಕುವುದು ಕಂಪ್ಯೂಟರಿಗೆ ಕಷ್ಟವೇ ಅಲ್ಲ. ಮೇಲ್ ಬರೆದೆ. ಒಂಬತ್ತು ದಿನ ಆದಮೇಲೆ ಅಲ್ಲಿನ ಪ್ಯಾಥಾಲಜಿಸ್ಟ್ ಅವರೇ ಫೋನ್ ಮಾಡಿದರು. ಅವರ ಜೊತೆ ಮಾತಾಡಿದ ಇಪ್ಪತ್ತು ನಿಮಿಷ ನನಗೆ ಕಲಿಸಿದ್ದು ತುಂಬಾ, ಅದನ್ನೂ ಇಲ್ಲಿ ಹೇಳಲೇಬೇಕು.

ಅವರು ಏನನ್ನೂ ಮುಚ್ಚಿಡಲಿಲ್ಲ. 13–150 ಬಂದಿರುವುದು ಟೆಸ್ಟ್ ಕಿಟ್ ಜೊತೆ ಕಂಪನಿ ಕೊಡುವ ಕಾಗದದಿಂದ. ಸ್ವಂತ ರೇಂಜ್ ಮಾಡಬೇಕಾದರೆ ನಿಯಮ ಇದೆ: ಒಂದೊಂದು ವಯಸ್ಸಿನ ಗುಂಪಿಗೂ ಕನಿಷ್ಠ 120 ಆರೋಗ್ಯವಂತರ ರಕ್ತ ಬೇಕು. ಅವರ ಸಂಖ್ಯೆಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ನಿಲ್ಲಿಸಿ, ಕೆಳಗಿನ ಎರಡೂವರೆ ಶೇಕಡಾ, ಮೇಲಿನ ಎರಡೂವರೆ ಶೇಕಡಾ ಬಿಟ್ಟು, ನಡುವಿನ 95 ಶೇಕಡಾವನ್ನು ರೇಂಜ್ ಅನ್ನುತ್ತಾರೆ. ದೊಡ್ಡವರಾದರೆ ರಕ್ತದಾನಿಗಳು ಸಿಗುತ್ತಾರೆ. ಮಕ್ಕಳದ್ದು? ಆರೋಗ್ಯವಾಗಿರುವ ಒಂದು ವರ್ಷದ ಮಗುವಿನ ತೋಳಿಗೆ ಸುಮ್ನೆ ಸೂಜಿ ಹಾಕಲು ಯಾವ ತಾಯಿ ಒಪ್ಪುತ್ತಾಳೆ ಅಂತ ಅವರು ಕೇಳಿದರು. ನಾನೂ ಒಪ್ಪುತ್ತಿರಲಿಲ್ಲ. ಕೆನಡಾದ ಟೊರಾಂಟೊದಲ್ಲಿ ಸಿಕ್‌ಕಿಡ್ಸ್ ಆಸ್ಪತ್ರೆಯವರು ಕ್ಯಾಲಿಪರ್ ಅಂತ ಒಂದು ದೊಡ್ಡ ಕೆಲಸ ಮಾಡಿದ್ದಾರೆ. ಆರೋಗ್ಯವಂತ ಮಕ್ಕಳ ಅಪ್ಪ ಅಮ್ಮನನ್ನು ಒಪ್ಪಿಸಿ, ಸಾವಿರಾರು ಮಕ್ಕಳ ರಕ್ತ ಸೇರಿಸಿ, ವಯಸ್ಸಿಗೆ ತಕ್ಕ ಹಾಗೆ ನೂರಾರು ಟೆಸ್ಟ್‌ಗಳ ರೇಂಜ್ ಕಟ್ಟಿದ್ದಾರೆ. ಫೆರಿಟಿನ್ ಕೂಡ ಅದರಲ್ಲಿದೆ.

ಆದರೆ ಫೆರಿಟಿನ್ ವಿಷಯದಲ್ಲಿ ಅದೂ ಸಾಲದು, ಇದೇ ನನಗೆ ಹೊಸದಾಗಿದ್ದ ಸಂಗತಿ. ಓಡಾಡಿಕೊಂಡು, ಆಡಿಕೊಂಡು ಇರುವ ಮಗುವಿನಲ್ಲೂ ಕಣಜ ಖಾಲಿ ಇರಬಹುದು. ನಮ್ಮ ದೇಶದಲ್ಲಿ 2016–18ರಲ್ಲಿ ನಡೆದ ರಾಷ್ಟ್ರೀಯ ಪೌಷ್ಟಿಕತೆ ಸಮೀಕ್ಷೆಯಲ್ಲಿ ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ಸುಮಾರು 32 ಶೇಕಡಾ ಮಕ್ಕಳಿಗೆ ಕಬ್ಬಿಣದ ಕೊರತೆ ಇತ್ತು. ಮೂವರಲ್ಲಿ ಒಬ್ಬರು ಅಂದುಕೊಳ್ಳಿ. ನಮ್ಮ ಬೀದಿಯಲ್ಲಿ ಚೆನ್ನಾಗಿ ಕಾಣುವ 120 ಮಕ್ಕಳನ್ನು ನಿಲ್ಲಿಸಿ ರೇಂಜ್ ಮಾಡಿದರೆ ಆ ಮೂರನೆಯವರೂ ಆ ಸಾಲಿನಲ್ಲಿ ಇರುತ್ತಾರೆ, ಕೆಳಗಿನ ಗೆರೆಯನ್ನು ಎಳೆದು ನೆಲಕ್ಕೆ ತರುತ್ತಾರೆ. ಬರಗಾಲದ ವರ್ಷ ಊರಿನ ಬಾವಿಗಳನ್ನೆಲ್ಲ ಅಳೆದು, ಬಾವಿಯಲ್ಲಿ ಇಷ್ಟು ನೀರಿದ್ದರೆ ಸಾಕು ಅಂತ ಬರೆದಿಟ್ಟ ಹಾಗೆ. ಎಲ್ಲರಲ್ಲೂ ಎಷ್ಟು ಇದೆ ಅನ್ನುವುದು ಬೇರೆ, ಎಷ್ಟು ಬೇಕು ಅನ್ನುವುದು ಬೇರೆ.

ಎಷ್ಟು ಬೇಕು ಅನ್ನುವುದನ್ನು ಹುಡುಕುವವರು ಬೇರೆ ದಾರಿ ಹಿಡಿಯುತ್ತಾರೆ. ಫೆರಿಟಿನ್ ಎಲ್ಲಿಯವರೆಗೆ ಇಳಿದರೆ ಹಿಮೋಗ್ಲೋಬಿನ್ ಕೂಡ ಇಳಿಯಲು ಶುರುವಾಗುತ್ತದೆ, ಮೈ ಕಬ್ಬಿಣಕ್ಕಾಗಿ ಹಪಹಪಿಸಲು ಶುರು ಮಾಡುತ್ತದೆ, ಆ ತಿರುವು ಎಲ್ಲಿದೆ ಅಂತ ನೋಡುತ್ತಾರೆ. ಅಮೆರಿಕದ ಮಕ್ಕಳ ಅಂಕಿಅಂಶ ಇಟ್ಟುಕೊಂಡು ಹೀಗೆ ನೋಡಿದಾಗ ಐದು ವರ್ಷದೊಳಗಿನವರಿಗೆ ಆ ತಿರುವು ಸುಮಾರು 20ರ ಹತ್ತಿರ ಸಿಕ್ಕಿತು, 2021ರಲ್ಲಿ ಪ್ರಕಟವಾದ ಅಧ್ಯಯನ ಅದು. 12 ಅಲ್ಲ, 20. ಕೆನಡಾದ ಒಂಟಾರಿಯೊ ಪ್ರಾಂತ್ಯದ ಲ್ಯಾಬ್‌ಗಳು 2024ರಲ್ಲಿ ಮಕ್ಕಳಿಗೆ ಕೆಳಗಿನ ಗೆರೆಯನ್ನು 20ಕ್ಕೆ, ದೊಡ್ಡವರಿಗೆ 30ಕ್ಕೆ ಏರಿಸಿದವು. ಅಂದರೆ ಅಲ್ಲಿ ಇದೇ 14.2 ಬಂದಿದ್ದರೆ, ಜ್ವರದ ಮಾತು ಬಿಡಿ, ರಿಪೋರ್ಟಿನಲ್ಲೇ ಕಡಿಮೆ ಅಂತ ಗುರುತು ಬೀಳುತ್ತಿತ್ತು.

ನಮ್ಮಲ್ಲಿ ಆಗುವುದಿಲ್ಲ ಅಂತೇನಿಲ್ಲ. ಆಗ ಹೇಳಿದ ನಮ್ಮ ರಾಷ್ಟ್ರೀಯ ಸಮೀಕ್ಷೆಯ ಅಂಕಿಗಳಿಂದ, ಕೊರತೆ ಇಲ್ಲದ, ಉರಿಯೂತ ಇಲ್ಲದ ಮಕ್ಕಳನ್ನು ಮಾತ್ರ ಹೆಕ್ಕಿ ತೆಗೆದು, ಭಾರತದ ಮಕ್ಕಳಿಗೆ ಹಿಮೋಗ್ಲೋಬಿನ್ ಗೆರೆ ಎಲ್ಲಿರಬೇಕು ಅಂತ ಲೆಕ್ಕ ಹಾಕಿದ ಅಧ್ಯಯನ 2021ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಅದರಲ್ಲಿ ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರೂ ಇದ್ದರು. ಅವರಿಗೆ ಸಿಕ್ಕ ಗೆರೆ ವಿಶ್ವ ಆರೋಗ್ಯ ಸಂಸ್ಥೆಯದ್ದಕ್ಕಿಂತ ಕೆಳಗಿತ್ತು. ಅದು ಸರಿಯೋ ತಪ್ಪೋ ಅಂತ ತಿಳಿದವರು ಚರ್ಚೆ ಮಾಡಲಿ. ಯಾರ ರಕ್ತ ಸೇರಿಸಬೇಕು, ಯಾರದ್ದು ಬಿಡಬೇಕು ಅಂತ ಯೋಚಿಸಿ ಮಾಡಿದ ಕೆಲಸ ಇಲ್ಲೇ ನಡೆದಿದೆ ಅನ್ನುವುದು ನನಗೆ ಮುಖ್ಯ.

ಪ್ಯಾಥಾಲಜಿಸ್ಟ್‌ಗೆ ನಾನು ಕೇಳಿದ್ದು ಇಷ್ಟೇ. ನೀವು ಸ್ವಂತ ರೇಂಜ್ ಮಾಡುವುದು ಬೇಡ. ಐದು ವರ್ಷದೊಳಗಿನ ಮಗುವಿನ ರಿಪೋರ್ಟಿನಲ್ಲಿ 12ರ ಗೆರೆ, ಸೋಂಕಿದ್ದರೆ 30 ಅಂತ ಒಂದು ಸಾಲು ಹಾಕಿ. ಬುಕಿಂಗ್‌ನಲ್ಲಿ ಎರಡು ವಾರದೊಳಗೆ ಜ್ವರ ಬಂದಿತ್ತಾ ಅಂತ ಒಂದು ಪ್ರಶ್ನೆ ಕೇಳಿ. ನೋಡುತ್ತೇನೆ ಅಂದರು. ದನಿಯಲ್ಲಿ ತಪ್ಪಿಸಿಕೊಳ್ಳುವ ಧಾಟಿ ಇರಲಿಲ್ಲ.

ಟೆಸ್ಟ್ ಮಾಡಿಸುವವರಿಗೆ ಎರಡು ಮೂರು ಮಾತು. ರಿಪೋರ್ಟಿನಲ್ಲಿ ಮೈಕ್ರೋಗ್ರಾಂ ಪರ್ ಲೀಟರ್ ಇದ್ದರೂ ನ್ಯಾನೋಗ್ರಾಂ ಪರ್ ಎಂಎಲ್ ಇದ್ದರೂ ಸಂಖ್ಯೆ ಒಂದೇ, ಗಾಬರಿ ಬೇಡ. ಮತ್ತೆ ಟೆಸ್ಟ್ ಮಾಡಿಸುವಾಗ ಅದೇ ಲ್ಯಾಬಿಗೆ ಹೋಗಿ, ಯಾಕೆಂದರೆ ಮಷಿನ್ ಬದಲಾದರೆ ಸಂಖ್ಯೆಯೂ ಸ್ವಲ್ಪ ಬದಲಾಗುತ್ತದೆ, ಏರಿದ್ದು ಮಗುವಿನ ಕಬ್ಬಿಣವೋ ಮಷಿನ್ನೋ ಗೊತ್ತಾಗುವುದಿಲ್ಲ. ಮಗುವಿಗೆ ಶೀತ ಜ್ವರ ಇದ್ದರೆ, ಡಾಕ್ಟರ್ ತುರ್ತು ಅನ್ನದಿದ್ದರೆ, ವಾಸಿಯಾಗುವವರೆಗೆ ಕಾಯಿರಿ. ಮತ್ತು ರೇಂಜ್ ನೋಡಿ ನೀವೇ ಟಾನಿಕ್ ಶುರು ಮಾಡಬೇಡಿ. ತಲಸ್ಸೀಮಿಯಾ ಟ್ರೇಟ್ ಅಂತ ವಂಶದಿಂದ ಬರುವ ರಕ್ತದ ಲಕ್ಷಣ ಇರುವ ಮಕ್ಕಳಲ್ಲೂ ಕಬ್ಬಿಣದ ಕೊರತೆಯಲ್ಲಿ ಆಗುವ ಹಾಗೇ ರಕ್ತಕಣ ಚಿಕ್ಕದಾಗಿರುತ್ತದೆ, ಆದರೆ ಕಬ್ಬಿಣ ಕಡಿಮೆ ಇರಲೇಬೇಕೆಂದಿಲ್ಲ. ಅದನ್ನು ಬಿಡಿಸಿ ನೋಡುವುದು ಡಾಕ್ಟರ್ ಕೆಲಸ.

ನಮ್ಮ ಮನೆಯಲ್ಲಿ ಹಾಲು ನಾಲ್ಕು ಲೋಟದಿಂದ ಎರಡು ಸಣ್ಣ ಲೋಟಕ್ಕೆ ಇಳಿಯಿತು. ಹಾಲಿನಲ್ಲಿ ಕಬ್ಬಿಣ ತೀರಾ ಕಡಿಮೆ. ಹೊಟ್ಟೆ ತುಂಬಿಸಿ ಊಟ ಬಿಡಿಸುತ್ತದೆ, ತಿಂದ ಊಟದ ಕಬ್ಬಿಣ ಹೀರಿಕೊಳ್ಳುವುದಕ್ಕೂ ಅಡ್ಡ ಬರುತ್ತದೆ. ರಾಗಿ ಕೊಡುತ್ತಿದ್ದೇನಲ್ಲ ಅಂತ ಮಗಳ ಡಾಕ್ಟರಿಗೆ ಅಂದಿದ್ದೆ. ರಾಗಿಯಲ್ಲಿ ನೂರು ಗ್ರಾಂಗೆ ನಾಲ್ಕೂವರೆ ಮಿಲಿಗ್ರಾಂ ಚಿಲ್ಲರೆ ಕಬ್ಬಿಣ ಇದೆ ನಿಜ, ಆದರೆ ಮೈಗೆ ಹತ್ತುವುದು ಅದರಲ್ಲಿ ಸ್ವಲ್ಪವೇ. ಮೊಳಕೆ ಬರಿಸಿದ ರಾಗಿ, ಸೊಪ್ಪಿನ ಸಾರಿಗೆ ಮೇಲಿನಿಂದ ನಿಂಬೆಹಣ್ಣು, ಊಟದ ಜೊತೆ ಸೀಬೆಹಣ್ಣು, ಇವು ಸಹಾಯ ಮಾಡುತ್ತವೆ ಅಂದರು. ಇವೆಲ್ಲದರ ಜೊತೆ ತೂಕ ನೋಡಿ ಕಬ್ಬಿಣದ ಸಿರಪ್ ಬರೆದರು. ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಆಶಾ ಕಾರ್ಯಕರ್ತೆ ಅನೀಮಿಯಾ ಮುಕ್ತ ಭಾರತ ಯೋಜನೆಯಲ್ಲಿ ವಾರಕ್ಕೆ ಎರಡು ಸಲ 1 ಎಂಎಲ್ ಕೊಡಿ ಅಂತ ಒಂದು ಬಾಟಲ್ ಕೊಟ್ಟು ಹೋಗಿದ್ದರು. ಹಲ್ಲು ಕಪ್ಪಾಗುತ್ತದೆ ಅಂತ ಯಾರೋ ಅಂದದ್ದಕ್ಕೆ ಅದನ್ನು ಅಡುಗೆಮನೆ ಶೆಲ್ಫ್‌ನ ಹಿಂದೆ ಇಟ್ಟುಬಿಟ್ಟಿದ್ದೆ, ಸೀಲ್ ಕೂಡ ಒಡೆದಿರಲಿಲ್ಲ. ಆ ಬಾಟಲ್ ನೋಡಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಹಲ್ಲಿಗೆ ಕಲೆ ಬಂದರೂ ಅದು ಮೇಲ್ಮೈಯದ್ದು, ನಾಲಿಗೆಯ ಹಿಂಭಾಗಕ್ಕೆ ಹಾಕಿ ಆಮೇಲೆ ನೀರು ಕುಡಿಸಿದರೆ ಅಷ್ಟೂ ಬರುವುದಿಲ್ಲ.

ಮೂರನೇ ವಾರಕ್ಕೆ ಬಳಪ ಮುಟ್ಟುವುದು ನಿಂತಿತು. ಡಬ್ಬ ಎದುರಿಗೇ ಇಟ್ಟು ನೋಡಿದೆ. ಸ್ಲೇಟಿನ ಮೇಲೆ ಬೆಕ್ಕು ಬರೆದಳು.

ಮೂರು ತಿಂಗಳಾದ ಮೇಲೆ ಮತ್ತೆ ಅದೇ ಲ್ಯಾಬ್, ಪುಣ್ಯಕ್ಕೆ ಅದೇ ಹುಡುಗಿ ಬಂದಳು. ಈ ಸಲ ಗೊಂಬೆಗೆ ಮಗಳೇ ಪಟ್ಟಿ ಕಟ್ಟಿದಳು. ಸಿಆರ್‌ಪಿ 1ಕ್ಕಿಂತ ಕಡಿಮೆ, ಫೆರಿಟಿನ್ 41. ಪಕ್ಕದ ಕಾಲಂನಲ್ಲಿ ಇನ್ನೂ 13–150 ಇದೆ. ಆದರೆ ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಹೊಸದೊಂದು ಸಾಲು ಬಂದಿದೆ: ಐದು ವರ್ಷದೊಳಗಿನ ಮಕ್ಕಳಲ್ಲಿ 12ಕ್ಕಿಂತ ಕಡಿಮೆ ಇದ್ದರೆ, ಸೋಂಕು ಇದ್ದಾಗ 30ಕ್ಕಿಂತ ಕಡಿಮೆ ಇದ್ದರೆ ಕಬ್ಬಿಣದ ಕೊರತೆ ಇರಬಹುದು ಅಂತ. ಅದಕ್ಕೆ ರಿಪೋರ್ಟಿನ ಎರಡು ಸ್ಟಾರನ್ನು ಮೂರು ಮಾಡಿದ್ದೇನೆ. ಆ್ಯಪ್‌ನಲ್ಲಿ ಜ್ವರದ ಪ್ರಶ್ನೆ ಇನ್ನೂ ಬಂದಿಲ್ಲ, ಒಂದು ವರ್ಷದೊಳಗಿನ ಕೂಸುಗಳಿಗೆ ಮೇಲಿನ ಗೆರೆ ಎಷ್ಟು ಅನ್ನುವುದೂ ಬಂದಿಲ್ಲ. ಅವೆರಡನ್ನೂ ಸೇರಿಸಿ ಅಂತ ಮೊನ್ನೆ ಸೋಮವಾರ ಇನ್ನೊಂದು ಮೇಲ್ ಹಾಕಿದ್ದೇನೆ.